ಟ್ರೇನಲ್ಲಿ ಅಪರಿಚಿತರು ಗುನುಗೋ ಪದಕ್ಕೆ ದನಿ ಸೇರಿಸ್ಬಹುದಾ?

ಪ್ರಶ್ನೆ: ನಮಸ್ತೆ ಸರ್. ನಾನು ಶಿವಮೊಗ್ಗದವಳು, 25 ವರ್ಷ, ಬೆಂಗಳೂರಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಟ್ರೇನಲ್ಲಿ ಊರಿಗೆ ಹೋಗ್ತೀನಿ. ಹೋದ ಸಲ ತಿಪಟೂರಲ್ಲಿ ಒಬ್ರು ಅಜ್ಜ ಹತ್ತಿ ನನ್ನ ಎದುರು ಸೀಟಲ್ಲಿ ಕೂತ್ರು. ಸ್ವಲ್ಪ ಹೊತ್ತಾದ್ಮೇಲೆ ಒಂದು ತತ್ವಪದ ಗುನುಗೋಕೆ ಶುರು ಮಾಡಿದ್ರು. ನಮ್ಮಜ್ಜಿ ಹಾಡ್ತಿದ್ದ ಪದ ಅದು, ನಂಗೆ ಎರಡು ನುಡಿ ಬರುತ್ತೆ. ಇಯರ್‌ಫೋನ್ ತೆಗೆದು ಕೇಳ್ತಾ ಕೂತೆ, ಆಮೇಲೆ ಅವ್ರು ನಾನು ಯಾವತ್ತೂ ಕೇಳದೇ ಇದ್ದ ಮೂರನೇ ನುಡಿ ಹಾಡಿದ್ರು. ಮಾತಾಡಿಸ್ಬೇಕು, ಜೊತೆಗೆ ಹಾಡ್ಬೇಕು ಅಂತ ಎಷ್ಟು ಅನ್ನಿಸಿದ್ರೂ ಬಾಯೇ ಬಿಡೋಕಾಗ್ಲಿಲ್ಲ. ಬೀರೂರಲ್ಲಿ ಅವ್ರು ಇಳಿದು ಹೋದ್ರು. ಎರಡು ವಾರ ಆಯ್ತು, ಇನ್ನೂ ಮನಸ್ಸಿಂದ ಹೋಗಿಲ್ಲ. ಅಪರಿಚಿತರ ಹಾಡಿಗೆ ಹೀಗೆ ಸೇರ್ಕೋಬಹುದಾ, ತಪ್ಪಾ? ಹೇಗೆ ಶುರು ಮಾಡೋದು? ಹೆಣ್ಮಗಳಾಗಿ ಭಯಾನೂ ಆಗುತ್ತೆ. ನೀವು ಊರೂರು ತಿರುಗಿ ತಬಲಾ ಬಾರಿಸೋರು, ಅದಕ್ಕೆ ನಿಮ್ಮನ್ನೇ ಕೇಳ್ತಿದೀನಿ.

ಉತ್ತರ: ತಂಗೀ, ನಿಮ್ಮ ಪತ್ರ ಎರಡು ಸಲ ಓದ್ದೆ, ಆ ಮೂರನೇ ನುಡಿ ಅನ್ನೋ ಜಾಗಕ್ಕೆ ಬಂದಾಗ ನನಗೇ ಹೊಟ್ಟೆಯಲ್ಲಿ ಏನೋ ಆಯ್ತು. ಅಜ್ಜಿಯಿಂದ ಎರಡು ನುಡಿ ಬಂದಿದೆ, ಮೂರನೇದು ಯಾರೋ ಗೊತ್ತಿಲ್ಲದೋರ ಬಾಯಲ್ಲಿ ಎದುರು ಸೀಟಿಗೆ ಬಂದು ಕೂತಿದೆ, ನೀವು ಕೈ ಚಾಚೋ ಮೊದ್ಲೇ ಬೀರೂರು ಬಂದುಬಿಟ್ಟಿದೆ. ಇದು ಎರಡು ವಾರದಲ್ಲಿ ಮರೆತುಹೋಗೋ ವಿಷಯ ಅಲ್ಲ ಬಿಡಿ.

ಸೇರ್ಕೋಬಹುದಾ ಅಂದ್ರೆ, ಖಂಡಿತ ಸೇರ್ಕೋಬಹುದು. ಹೇಗೆ ಅನ್ನೋದಕ್ಕೆ ನನ್ನ ಕೆಲಸದ ಕಡೆಯಿಂದಾನೇ ಬರ್ತೀನಿ, ಯಾಕಂದ್ರೆ ನಂಗೆ ಗೊತ್ತಿರೋದು ಅದೊಂದೇ. ನಾನು ಧಾರವಾಡದವ, 32 ವರ್ಷದಿಂದ ತಬಲಾ ಸಾಥ್ ಮಾಡ್ತಾ ಇದೀನಿ. ಸೋಲೋ ಬಾರಿಸಿದ್ದು ಕಮ್ಮಿ, ಹಾಡೋರ ಪಕ್ಕ ಕೂತು ಠೇಕಾ, ಅಂದ್ರೆ ತಾಳದ ಮೂಲ ನಡೆ, ಹಿಡಿದಿದ್ದೇ ಜಾಸ್ತಿ. ಸಾಥ್ ಅಂದ್ರೆ ಜೊತೆ ಅಂತಾನೇ ಅರ್ಥ. ಜನ ಏನು ಅನ್ಕೊಂಡಿರ್ತಾರೆ ಅಂದ್ರೆ ಹಾಡೋರು ತಬಲಾದವ್ರು ವಾರಗಟ್ಟಲೆ ಕೂತು ಪ್ರಾಕ್ಟೀಸ್ ಮಾಡಿ ಸ್ಟೇಜ್ ಹತ್ತುತ್ತಾರೆ ಅಂತ, ಹಂಗೇನೂ ಇಲ್ಲ. ಎಷ್ಟೋ ಸಲ ಹಾಡೋರ ಮುಖ ನಾನು ನೋಡೋದೇ ಗ್ರೀನ್ ರೂಮಲ್ಲಿ, ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ. ನಮಸ್ಕಾರ, ಚಹಾ ಆಯ್ತಾ, ಆಮೇಲೆ ನಾನು ಕೇಳೋ ಮೊದಲನೇ ಪ್ರಶ್ನೆ, "ಯಾವ ಸ್ವರ ಸರ್?" ಅವ್ರು ಕರಿ ಎರಡು ಅಂತಾರೋ, ಕರಿ ನಾಲ್ಕು ಅಂತಾರೋ, ಹಾರ್ಮೋನಿಯಂ ಮೇಲೆ ಆ ಕಪ್ಪು ಮನೆ ಒತ್ತಿಸಿಕೊಂಡು ನಾನು ಸುತ್ತಿಗೆ ತಗೊಂಡು ತಬಲಾನ ಅವ್ರ ಷಡ್ಜಕ್ಕೆ, ಅಂದ್ರೆ ಅವ್ರ 'ಸ' ಸ್ವರಕ್ಕೆ, ಸೇರಿಸ್ತೀನಿ. ಅವ್ರ ಊರು ಯಾವುದು, ಯಾರ ಶಿಷ್ಯರು, ಎಷ್ಟು ದೊಡ್ಡ ಹೆಸರು, ಇದೆಲ್ಲ ಆಮೇಲೆ. ಮೊದಲು ಅವ್ರು ಎಲ್ಲಿ ನಿಂತು ಹಾಡ್ತಾರೆ ಅನ್ನೋದು ನಂಗೆ ಗೊತ್ತಾಗ್ಬೇಕು, ನಾನು ಅಲ್ಲಿಗೆ ಹೋಗ್ಬೇಕು. ಅವ್ರನ್ನ ನನ್ನ ತಬಲಾದ ಸ್ವರಕ್ಕೆ ಬನ್ನಿ ಅಂತ ಯಾವ ಸಾಥಿದಾರನೂ ಕರೆಯಲ್ಲ.

ಆಮೇಲೆ ಸ್ಟೇಜ್ ಮೇಲೆ ಹೋದ್ರೆ ಮೊದಲ ಹತ್ತು ನಿಮಿಷ ಬರೀ ಠೇಕಾ. ವಿಲಂಬಿತ, ಅಂದ್ರೆ ನಿಧಾನ ಲಯದ ಏಕತಾಲ ಇದ್ರೆ 12 ಮಾತ್ರೆಯ, ಅಂದ್ರೆ 12 ಎಣಿಕೆಯ ಒಂದು ಆವರ್ತನ (ತಾಳದ ಒಂದು ಸುತ್ತು) ಮುಗಿಯೋಕೆ ಒಂದು ನಿಮಿಷದ ಹತ್ರ ಹೋಗುತ್ತೆ, ಆ ಒಂದು ನಿಮಿಷ ಸುಮ್ನೆ ಸ್ವಚ್ಛವಾಗಿ ಠೇಕಾ ಹಿಡಿದುಕೊಂಡು ಇರ್ಬೇಕು. ಕೈ ತುರಿಸುತ್ತೆ, ಒಂದು ತುಕಡಾ, ಅಂದ್ರೆ ಕೈಚಳಕದ ಸಣ್ಣ ತುಣುಕು, ಹಾಕೋಣ ಅನ್ನಿಸುತ್ತೆ, ಹಾಕ್ಬಾರ್ದು. ಅಷ್ಟರಲ್ಲಿ ಅವ್ರು ಎಲ್ಲಿ ಉಸಿರು ತಗೋತಾರೆ, ಸಮ್‌ಗೆ, ಅಂದ್ರೆ ಸುತ್ತಿನ ಮೊದಲ ಮಾತ್ರೆಗೆ, ಬರೋವಾಗ ಕತ್ತು ಹೇಗೆ ಆಡಿಸ್ತಾರೆ, ಲಯ ಸ್ವಲ್ಪ ಏರಿದ್ರೆ ಖುಷಿನಾ ಸಿಟ್ಟಾ, ಎಲ್ಲ ಗೊತ್ತಾಗುತ್ತೆ. ಅದಾದ್ಮೇಲೆ ಅವ್ರೇ ನಮ್ಮ ಕಡೆ ತಿರುಗಿ ಒಂದು ಸಲ ನೋಡ್ತಾರೆ. ಆ ನೋಟ ಬರೋವರೆಗೂ ಕಾಯೋದೇ ನಮ್ಮ ವಿದ್ಯೆ ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ದು. ನಾನು ನನ್ನ ಹುಡುಗ್ರಿಗೂ ಅದನ್ನೇ ಹೇಳ್ತೀನಿ.

ಈಗ ನಿಮ್ಮ ಟ್ರೇನಿಗೆ ಬರ್ತೀನಿ. ನೀವು ಏನು ಅನ್ಕೊಂಡ್ರಿ ಅಂದ್ರೆ ಅಜ್ಜನ ಜೊತೆ ಸೇರ್ಬೇಕು ಅಂದ್ರೆ ಬಾಯಿ ತೆಗೆದು ಹಾಡ್ಬೇಕು, ಇಲ್ಲಾ ಮಾತು ಶುರು ಮಾಡ್ಬೇಕು ಅಂತ. ಎರಡೂ ದೊಡ್ಡ ಹೆಜ್ಜೆ, ಅದಕ್ಕೇ ಕಾಲು ಬರ್ಲಿಲ್ಲ. ಅದಕ್ಕೂ ಮುಂಚೆ ಒಂದು ಸಣ್ಣ ಹೆಜ್ಜೆ ಇದೆ, ತಾಳ. ತೊಡೆ ಮೇಲೆ ಒಂದು ಬೆರಳಲ್ಲಿ, ಸದ್ದು ಬರದ ಹಾಗೆ, ಅವ್ರ ಲಯಕ್ಕೆ ಸರಿಯಾಗಿ ತಟ್ಟಿ ಸಾಕು. ಹಾಡೋರ ಕಣ್ಣು ಎಲ್ಲೇ ಇರ್ಲಿ, ಎದುರು ಯಾರಾದ್ರೂ ತಾಳ ಹಾಕ್ತಿದ್ರೆ ಅವ್ರಿಗೆ ಗೊತ್ತಾಗದೇ ಇರಲ್ಲ, ಇದು ನಾನು ಸಾವಿರ ಸಲ ನೋಡಿದ್ದು. ಅವ್ರು ನಿಮ್ಮ ಬೆರಳು ನೋಡ್ತಾರೆ, ಆಮೇಲೆ ಮುಖ ನೋಡ್ತಾರೆ, ನಕ್ಕರು ಅಂದ್ರೆ ಬಾಗಿಲು ತೆಗೀತು. ನಗದೇ ತಲೆ ತಿರುಗಿಸಿದ್ರೆ ನೀವು ಬೆರಳು ನಿಲ್ಲಿಸಿದ್ರೆ ಆಯ್ತು, ಯಾರಿಗೂ ಮುಜುಗರ ಇಲ್ಲ, ಒಂದು ಮಾತೂ ಖರ್ಚಾಗಿಲ್ಲ.

ಇನ್ನೊಂದು ವಿಷಯ, ಅಜ್ಜ ಹಾಡ್ತಿದ್ದದ್ದು ತತ್ವಪದ ಅಂತ ಬರೆದಿದೀರಿ. ತತ್ವಪದ ಇರೋದೇ ಸೇರ್ಕೊಳ್ಳೋಕೆ. ಏಕತಾರಿ, ದಮ್ಮಡಿ, ತಾಳ ಹಿಡ್ಕೊಂಡು ಒಬ್ರು ನುಡಿ ಹಾಡ್ತಾರೆ, ಪಲ್ಲವಿ ಬಂದ ಕೂಡ್ಲೇ ಕೂತಿರೋರೆಲ್ಲ ಎತ್ಕೋತಾರೆ. ಹೊಸಬ ಬಂದು ಮೂಲೆಯಲ್ಲಿ ಕೂತ್ರೂ ಮೂರನೇ ಸಲ ಪಲ್ಲವಿ ಬರೋ ಹೊತ್ತಿಗೆ ಅವನ ಬಾಯಿಗೂ ಅದು ಬಂದಿರುತ್ತೆ, ಯಾಕಂದ್ರೆ ಅದನ್ನ ಹಾಗೇನೇ ಕಟ್ಟಿರೋದು, ಓದು ಬರಹ ಬರದೇ ಇರೋರು, ಆ ಊರಿನವರೇ ಅಲ್ಲದೋರು ಎಲ್ಲ ಕೂತು ಹಾಡೋದಕ್ಕೆ. ಒಬ್ಬನೇ ಹಾಡೋವಾಗ ಮನುಷ್ಯ ಪಲ್ಲವಿಗೆ ಬಂದಾಗ ಸಣ್ಣಗೆ ನಿಲ್ಲಿಸ್ತಾನೆ, ಗಮನ ಇಟ್ಟು ಕೇಳಿ, ಅಲ್ಲಿ ಇನ್ನೊಬ್ರ ದನಿಗೆ ಜಾಗ ಖಾಲಿ ಇರುತ್ತೆ. ನೀವು ಹಾಡೋದಾದ್ರೆ ಅಲ್ಲೇ ಹಾಡಿ, ನುಡಿಯಲ್ಲಿ ನುಗ್ಗಬೇಡಿ. ಅವ್ರ ದನಿಗಿಂತ ಒಂದು ಗೇಣು ಕೆಳಗೇ ಇರ್ಲಿ ನಿಮ್ಮ ದನಿ. ನಿಮ್ಮಜ್ಜಿ ಬೇರೆ ಧಾಟಿಯಲ್ಲಿ ಹಾಡ್ತಿದ್ರು ಅಂತಿದ್ರೆ ಆವತ್ತಿನ ಮಟ್ಟಿಗೆ ಅಜ್ಜನ ಧಾಟಿಯೇ ಸರಿ.

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ, ಪಂಢರಪುರಕ್ಕೆ ಹೋಗೋ ಜನರ ಮಧ್ಯೆ ಕಲಿತಿದ್ದು. ಆಗ ನಂಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಸೋಲಾಪುರದಲ್ಲಿ ಒಂದು ಕಾರ್ಯಕ್ರಮಕ್ಕೆ ಸಾಥ್ ಮಾಡೋಕೆ ಹೊರಟಿದ್ದೆ, ಆಷಾಢ ಏಕಾದಶಿ ಹತ್ರ ಇತ್ತು, ಟ್ರೇನಿನ ಡಬ್ಬಿ ತುಂಬ ಬಾಗಲಕೋಟೆ ವಿಜಯಪುರ ಕಡೆ ವಾರಕರಿಗಳು, ಅಂದ್ರೆ ವಿಠ್ಠಲನ ಭಕ್ತರು, ಬಿಳಿ ಟೋಪಿ, ಕೊರಳಲ್ಲಿ ತುಳಸಿ ಮಾಲೆ, ಕೈಯಲ್ಲಿ ತಾಳ. ಒಂದು ಅಭಂಗ ಮರಾಠಿಯಲ್ಲಿ ಆದ್ರೆ ಇನ್ನೊಂದು ದಾಸರ ಪದ ಕನ್ನಡದಲ್ಲಿ, ಭಾಷೆ ಬದಲಾಗಿದ್ದು ಅವ್ರಿಗೆ ಗೊತ್ತೂ ಆಗ್ತಿರ್ಲಿಲ್ಲ. ನನ್ನ ಚೀಲ ನೋಡಿ, ತಬಲಾ ಏನಪ್ಪಾ, ತಗೀ ತಗೀ ಅಂದ್ರು. ತೆಗೆದೆ. ನೋಡಿದ್ರೆ ನನ್ನ ತಬಲಾ ಕರಿ ಒಂದಕ್ಕೆ ಸೇರಿಸಿಟ್ಟಿದ್ದು, ಅವ್ರು ಹಾಡ್ತಿರೋದು ಬೇರೆ ಎಲ್ಲೋ. ತಬಲಾನ ಸುತ್ತಿಗೆ ಹೊಡೆದು ಸ್ವಲ್ಪ ಏರಿಸಬಹುದು, ಸ್ವಲ್ಪ ಇಳಿಸಬಹುದು, ಹೆಚ್ಚು ಅಂದ್ರೆ ಒಂದು ಸ್ವರ, ಅದರಾಚೆ ಹೋದ್ರೆ ನಾದ ಕೆಡುತ್ತೆ, ಅದಕ್ಕೇ ನಾವು ಮೂರು ನಾಲ್ಕು ತಬಲಾ ಇಟ್ಕೊಂಡಿರೋದು. ಇರ್ಲಿ ಅಂತ ಹಾಗೇ ಶುರು ಮಾಡ್ದೆ. ಎರಡು ಆವರ್ತನ ಭಜನಿ ಠೇಕಾ ಬಾರಿಸಿ ಮೂರನೇದರಲ್ಲಿ ವೇಗವಾಗಿ ಬಾರಿಸೋ ಲಗ್ಗಿ ಶುರು ಮಾಡಿಬಿಟ್ಟೆ, ವಯಸ್ಸು ಅದು, ಕೈ ಓಡ್ತಿತ್ತು. ಜನ ವಾಹ್ ಅಂದ್ರು, ಅಕ್ಕಪಕ್ಕದವ್ರು ಎದ್ದು ಬಂದು ನೋಡಿದ್ರು, ನಂಗೂ ಹುರುಪು ಬಂತು. ಐದು ನಿಮಿಷ ಆದ್ಮೇಲೆ ಗಮನಿಸ್ತೀನಿ, ಡಬ್ಬಿಯಲ್ಲಿ ಯಾರೂ ಹಾಡ್ತಾ ಇಲ್ಲ. ಎಲ್ಲ ನನ್ನ ಕೈ ನೋಡ್ತಾ ಕೂತಿದಾರೆ. ತಾಳದವ್ರ ತಾಳ ಮಡಿಲಲ್ಲಿದೆ.

ಆಗ ಒಬ್ರು ಹಿರಿಯರು, ಹತ್ರ ಸರಿದು, "ತಮ್ಮಾ, ಭಾಳ ಚಲೋ ಬಾರಸ್ತಿ, ಆದ್ರ ನಮಗ ಹಾಡಾಕ ಜಾಗಾನ ಬಿಡವಲ್ಲಿ" ಅಂದ್ರು. ಬೈದಿದ್ದಲ್ಲ, ಪ್ರೀತಿಯಿಂದಾನೇ ಅಂದಿದ್ದು. ನಾನು ತಬಲಾ ಚೀಲಕ್ಕೆ ಹಾಕಿ, ಸೀಟ್ ಕೆಳಗಿದ್ದ ಅವ್ರದ್ದೇ ಒಂದು ತಗಡಿನ ಟ್ರಂಕ್ ಎಳ್ಕೊಂಡು ಅದರ ಮೇಲೆ ಎರಡು ಕೈಯಲ್ಲಿ ಬರೀ ಭಜನಿ ಠೇಕಾ ಹಿಡಿದೆ, ಟ್ರಂಕಿಗೆ ಶ್ರುತಿ ಇಲ್ಲ, ಯಾರ ಸ್ವರಕ್ಕೂ ಅಡ್ಡ ಬರಲ್ಲ. ಮತ್ತೆ ಹಾಡು ಎದ್ದಿತು. ಸೋಲಾಪುರ ಬರೋವರೆಗೂ ನಿಲ್ಲಲಿಲ್ಲ, ಇಳಿಯೋವಾಗ ಆ ಹಿರಿಯರು ಅವರ ಬುತ್ತಿಯಿಂದ ಎರಡು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ರು. ಅವ್ರ ಹೆಸರು ನಾನು ಕೇಳಿಲ್ಲ, ನನ್ನ ಹೆಸರು ಅವ್ರು ಕೇಳಿಲ್ಲ. ಆವತ್ತು ನಾನು ಕಲಿತದ್ದು ಮುಂದೆ ದೊಡ್ಡ ದೊಡ್ಡ ಗಾಯಕರ ಪಕ್ಕ ಕೂತಾಗ ಉಪಯೋಗಕ್ಕೆ ಬಂತು.

ಬೆರಳಿನ ತಾಳಕ್ಕೆ ಎಷ್ಟು ಬಲ ಇದೆ ಅನ್ನೋದಕ್ಕೆ ಇನ್ನೊಂದು ಹೇಳ್ತೀನಿ. ಗದಗದಿಂದ ಹುಬ್ಬಳ್ಳಿಗೆ ಪ್ಯಾಸೆಂಜರಲ್ಲಿ ಬರ್ತಿದ್ದೆ, ಎದುರಿಗೆ ಒಬ್ಬ ಹುಡುಗ, ಕಣ್ಣು ಕಾಣಲ್ಲ, ಪಕ್ಕದಲ್ಲಿ ಹಾರ್ಮೋನಿಯಂ ಪೆಟ್ಟಿಗೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು ಅಂತ ಆಮೇಲೆ ಗೊತ್ತಾಯ್ತು. ಪಂಚಾಕ್ಷರಿ ಗವಾಯಿಗಳು ಕಟ್ಟಿದ ಜಾಗ ಅದು, ಅವ್ರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳೋವರೆಗೂ ನಡೆಸಿದ್ರು, ಇಬ್ರಿಗೂ ಕಣ್ಣಿರ್ಲಿಲ್ಲ, ಅಂಥ ಎಷ್ಟು ಮಕ್ಕಳಿಗೆ ಅಲ್ಲಿ ಅನ್ನ ಹಾಕಿ ಸಂಗೀತ ಕಲಿಸಿದಾರೆ. ನಾನು ಏನೋ ಯೋಚನೆ ಮಾಡ್ತಾ ಮಂಡಿ ಮೇಲೆ ಬೆರಳಾಡಿಸ್ತಿದ್ದೆ, ನನಗೇ ಗಮನ ಇರ್ಲಿಲ್ಲ. ಅಣ್ಣಿಗೇರಿ ದಾಟಿತ್ತು, ಆ ಹುಡುಗ ಇದ್ದಕ್ಕಿದ್ದಂಗೆ, "ತಬಲಾದವ್ರೇನ್ರಿ?" ಅಂದ. ಹೆಂಗ ಗೊತ್ತಾತು ಅಂದೆ. ತೋರುಬೆರಳು ಬೀಳೋ ರೀತೀನೇ ಬೇರೆ, ಸುಮ್ನೆ ತಟ್ಟೋರು ಹಂಗ ತಟ್ಟೂದಿಲ್ಲರಿ ಅಂದ. ಹುಬ್ಬಳ್ಳಿ ಬರೋವರೆಗೂ ಮಾತಾಡಿದ್ವಿ, ಅದರಲ್ಲಿ ಅರ್ಧ ಮಾತು ಬೆರಳಲ್ಲೇ.

ಇಯರ್‌ಫೋನ್ ತೆಗೆದು ಕೇಳ್ದೆ ಅಂತ ಬರೆದ್ರಲ್ಲ, ಅದು ನಂಗೆ ಬಹಳ ಇಷ್ಟ ಆಯ್ತು. ಹಾಕೋದು ತಪ್ಪು ಅಂತ ನಾನು ಹೇಳಲ್ಲ, ದಿನವಿಡೀ ದುಡಿದು ಬಂದೋರಿಗೆ ತಮ್ಮದೇ ಒಂದು ಮೂಲೆ ಬೇಕು, ಮತ್ತೆ ಫೋನಿನ ಸ್ಪೀಕರ್ ಜೋರಾಗಿ ಹಾಕಿ ಇಡೀ ಬೋಗಿಗೆ ಕೇಳಿಸೋದಕ್ಕಿಂತ ಇಯರ್‌ಫೋನ್ ಸಾವಿರ ಪಾಲು ಮೇಲು. ರೈಲ್ವೆಯವ್ರು 2022ರಲ್ಲಿ ಇದಕ್ಕೇ ಅಂತಾನೇ ಸೂಚನೆ ಹೊರಡಿಸಿದ್ರು, ಜೋರಾಗಿ ಹಾಡು ಹಾಕ್ಬಾರ್ದು, ರಾತ್ರಿ 10ರ ಮೇಲೆ ಗುಂಪಲ್ಲಿ ಗಲಾಟೆ ಮಾಡ್ಬಾರ್ದು ಅಂತ. ಆದ್ರೆ ಹತ್ತಿದ ಮೇಲೆ ಮೊದಲ ಅರ್ಧ ಗಂಟೆ, ಇಲ್ಲಾ ಕೊನೇ ಅರ್ಧ ಗಂಟೆ ಕಿವಿ ಖಾಲಿ ಬಿಟ್ಟು ನೋಡಿ. ನಾವು ಸಣ್ಣವರಿದ್ದಾಗ ಹಳಿಯಿಂದಾನೇ ತಾಳ ಬರ್ತಿತ್ತು. ಹಳಿಗಳು 12, 13 ಮೀಟರಿನ ತುಂಡುಗಳು, ಬಿಸಿಲಿಗೆ ಹಿಗ್ಗಲಿ ಅಂತ ಎರಡರ ಮಧ್ಯೆ ಸಣ್ಣ ಸಂದು ಬಿಟ್ಟಿರ್ತಿದ್ರು, ಚಕ್ರ ಅದರ ಮೇಲೆ ಹಾಯುವಾಗ ಟಕಟಕ್, ಟಕಟಕ್. ನನ್ನ ಮೊದಲ ಕೆಹರ್ವಾ ತಾಳದ ರಿಯಾಜು, ಅಂದ್ರೆ ಅಭ್ಯಾಸ, ಆ ಸದ್ದಿನ ಮೇಲೇ ಆಗಿದ್ದು, ಟ್ರೇನ್ ಸ್ಪೀಡ್ ಏರಿದ್ರೆ ಲಯಾನೂ ಏರಿಸ್ಬೇಕು, ಸ್ಟೇಷನ್ ಬಂತು ಅಂದ್ರೆ ಇಳಿಸ್ಬೇಕು. ಈಗ ಹಳಿಗಳನ್ನ ಉದ್ದಕ್ಕೂ ವೆಲ್ಡ್ ಮಾಡಿರ್ತಾರೆ, ಆ ಸದ್ದು ಹೆಚ್ಚುಕಮ್ಮಿ ಹೋಗೇಬಿಟ್ಟಿದೆ, ಪ್ರಯಾಣ ಹಾಯಾಗಿದೆ ನಿಜ. ಹಳಿ ಸುಮ್ಮನಾಗಿದ್ದರಿಂದ ಒಂದು ಲಾಭ ಅಂದ್ರೆ ಎದುರು ಸೀಟಿನ ಅಜ್ಜನ ಗುನುಗು ಈಗ ಸ್ಪಷ್ಟವಾಗಿ ಕೇಳುತ್ತೆ.

ನಮ್ಮ ಕಡೆ ಸಂಗೀತ ಬೆಳೆದದ್ದೇ ಈ ಟ್ರೇನುಗಳಲ್ಲಿ ಅಂದ್ರೆ ಉತ್ಪ್ರೇಕ್ಷೆ ಅಲ್ಲ. ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬ್ರು ಮಿರಜದಲ್ಲಿ ನೆಲೆಸಿ ಮೈಸೂರು ಅರಮನೆಗೆ ಹೋಗಿ ಬರ್ತಾ ಮಧ್ಯದಲ್ಲಿ ಹುಬ್ಬಳ್ಳಿ ಧಾರವಾಡದಲ್ಲಿ ಇಳಿದು ಉಳೀತಿದ್ರು, ಆ ನಿಲುಗಡೆಗಳಿಂದಾನೇ ಅವರ ಕಿರಾಣಾ ಘರಾಣೆಯ ಹಾಡೋ ಶೈಲಿ ಈ ಮಣ್ಣಲ್ಲಿ ಬೇರು ಬಿಟ್ಟಿದ್ದು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದ್ರು, ಗಂಗೂಬಾಯಿ ಹಾನಗಲ್ ಅವ್ರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಟ್ರೇನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ರ ಕಲಿತ್ರು. ಖಾನ್ ಸಾಹೇಬ್ರ ಕೊನೇನೂ ಸ್ಟೇಷನ್ನಲ್ಲೇ. 1937ರ ಅಕ್ಟೋಬರಲ್ಲಿ ಮದ್ರಾಸಿಂದ ಪಾಂಡಿಚೇರಿ ಕಡೆ ಹೊರಟಿದ್ರು, ದಾರೀಲಿ ಎದೆನೋವು ಬಂತು, ಸಿಂಗಪೆರುಮಾಳ್ ಕೋಯಿಲ್ ಅನ್ನೋ ಸಣ್ಣ ಸ್ಟೇಷನ್ನಲ್ಲಿ ಇಳಿಸಿದ್ರು, ಪ್ಲಾಟ್‌ಫಾರ್ಮ್ ಮೇಲೆ ಹಾಸಿಗೆ ಹಾಸಿದ್ರು, ತಂಬೂರಿ ಸೇರಿಸಿ ಅಂತ ಹೇಳಿ ದರ್ಬಾರಿ ರಾಗದಲ್ಲಿ ದೇವರ ಸ್ಮರಣೆ ಮಾಡ್ತಾ ಪ್ರಾಣ ಬಿಟ್ರು. ಆ ಹೊತ್ತಲ್ಲಿ ಆ ಪ್ಲಾಟ್‌ಫಾರ್ಮಲ್ಲಿ ಬೇರೆ ಯಾರಾದ್ರೂ ಟ್ರೇನಿಗೆ ಕಾಯ್ತಾ ನಿಂತಿದ್ರೆ ಅವ್ರು ಏನು ಕೇಳಿಸ್ಕೊಂಡಿರ್ಬೇಕು ಅಂತ ನಾನು ಎಷ್ಟೋ ರಾತ್ರಿ ಯೋಚನೆ ಮಾಡಿದೀನಿ.

ಇನ್ನು ಭೀಮಸೇನ ಜೋಶಿ ಅವ್ರದ್ದು ನಿಮಗೂ ಗೊತ್ತಿರುತ್ತೆ. 1922ರಲ್ಲಿ ರೋಣದಲ್ಲಿ ಹುಟ್ಟಿದ್ರು, 1933ರಲ್ಲಿ, 11 ವರ್ಷದ ಹುಡುಗ, ಗುರು ಬೇಕು ಅಂತ ಮನೆ ಬಿಟ್ಟು ಟ್ರೇನ್ ಹತ್ತಿದ್ರು. ಕೈಯಲ್ಲಿ ಕಾಸಿಲ್ಲ. ಹಾಡ್ತಾ, ಸಹಪ್ರಯಾಣಿಕರು ಕೊಟ್ಟ ದುಡ್ಡಲ್ಲಿ ವಿಜಾಪುರ, ಪುಣೆ, ಗ್ವಾಲಿಯರ್ ಅಂತ ಹೋದ್ರು. ಮೂರು ವರ್ಷ ಉತ್ತರ ಹಿಂದೂಸ್ತಾನ ಸುತ್ತಿ ಜಲಂಧರಕ್ಕೆ ಮುಟ್ಟಿದ್ರು, ಅಲ್ಲಿ ಸಂಗೀತ ಸಮ್ಮೇಳನಕ್ಕೆ ಬಂದಿದ್ದ ಗಾಯಕ ವಿನಾಯಕರಾವ್ ಪಟವರ್ಧನರು ಈ ಹುಡುಗನ್ನ ನೋಡಿ, ಇಷ್ಟು ದೂರ ಯಾಕೆ ಬಂದೆ, ನಿಮ್ಮೂರ ಹತ್ರಾನೇ ಸವಾಯಿ ಗಂಧರ್ವರು ಇದಾರಲ್ಲ ಅಂತ ಹೇಳಿದ್ರು. ಗುರುವಿದ್ದದ್ದು ಕುಂದಗೋಳದಲ್ಲಿ, ಅದು ಗೊತ್ತಾಗಿದ್ದು ಪಂಜಾಬಲ್ಲಿ. ದಾರೀಲಿ ಆ ಹುಡುಗನಿಗೆ ಎರಡಾಣೆ ಕೊಟ್ಟೋರು, ಜಾಗ ಸರಿದು ಕೂರಿಸಿಕೊಂಡೋರು ಯಾರೂ ನಮಗೆ ಹೆಸರಿಂದ ಗೊತ್ತಿಲ್ಲ. ಅವ್ರು ಯಾರೂ ಇಲ್ದಿದ್ರೆ ನಮಗೆ ಆ ಅಭೋಗಿ ರಾಗ, ಆ ಪೂರಿಯಾ ರಾಗ ಎಲ್ಲಿಂದ ಬರ್ತಿತ್ತು ಹೇಳಿ.

ಈಗ ನಿಮ್ಮ ಭಯದ ವಿಷಯ. ಇದನ್ನ ನಾನು ಹಗುರ ಮಾಡಲ್ಲ, ನನಗೂ ಮಗಳಿದಾಳೆ. ಗಂಡಸಾಗಿ ನಾನು ಯಾವ ಡಬ್ಬಿಯಲ್ಲೂ ಯಾರ ಜೊತೇನೂ ಮಾತಾಡಬಲ್ಲೆ, ನಿಮಗೆ ಆ ಅನುಕೂಲ ಇಲ್ಲ ಅನ್ನೋದು ಗೊತ್ತಿದೆ. ಅದಕ್ಕೇ ಹೇಳೋದು, ಹಗಲು ಹೊತ್ತಲ್ಲಿ, ಅಕ್ಕಪಕ್ಕ ಸಂಸಾರ ಇರೋ ಕಡೆ ಮಾತ್ರ. ಮಾತು ಹಾಡಿನ ಬಗ್ಗೆ ಇರ್ಲಿ, ಈ ಪದ ಎಲ್ಲಿ ಕಲಿತ್ರಿ ಅಜ್ಜ, ನಮ್ಮಜ್ಜಿ ಹಿಂಗೆ ಹಾಡ್ತಿದ್ರು ಅಂತ. ನೀವು ಎಲ್ಲಿ ಕೆಲಸ, ಎಲ್ಲಿ ಪಿಜಿ, ಎಷ್ಟು ಗಂಟೆಗೆ ಇಳೀತೀರಿ, ಒಬ್ರೇನಾ, ಇದ್ಯಾವುದೂ ಹಾಡಿಗೆ ಬೇಕಾಗಿಲ್ಲ, ಯಾರಾದ್ರೂ ಕೇಳೋಕೆ ಶುರು ಮಾಡಿದ್ರೆ ಅವ್ರಿಗೆ ಹಾಡಲ್ಲಿ ಆಸಕ್ತಿ ಇಲ್ಲ ಅಂತ ತಿಳ್ಕೊಂಡು ಪುಸ್ತಕ ತೆಗೀರಿ, ಇಲ್ಲಾ ಎದ್ದು ಹೆಂಗಸರು ಕೂತಿರೋ ಕಡೆ ಹೋಗಿ. ತೊಂದರೆ ಅನ್ನಿಸಿದ್ರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡೋಕೆ ಹಿಂದೆಮುಂದೆ ನೋಡ್ಬೇಡಿ. ಫೋನ್ ನಂಬರ್ ಕೊಡೋ ಅಗತ್ಯ ಇಲ್ಲವೇ ಇಲ್ಲ. ನಂಬರ್ ತಗೊಂಡಿಲ್ಲ ಅಂದ್ರೆ ಸಂಬಂಧ ಕಳೆದುಹೋಯ್ತು ಅಂತ ಈಗಿನವ್ರಿಗೆ ಅನ್ನಿಸುತ್ತೆ, ನಂಗೆ ಹಾಗನ್ನಿಸಲ್ಲ. ತಿಪಟೂರಿಂದ ಬೀರೂರಿನವರೆಗೂ ಒಂದು ಜೊತೆ, ಅಷ್ಟೇ ಅದರ ಅಳತೆ, ಅಷ್ಟರಲ್ಲೇ ತುಂಬಿರುತ್ತೆ.

ಮೊಬೈಲಲ್ಲಿ ರೆಕಾರ್ಡ್ ಮಾಡೋದರ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಇತ್ತೀಚೆಗೆ ಇದು ನನ್ನನ್ನ ಬಹಳ ಕಾಡ್ತಿದೆ. ಬಸ್ಸಲ್ಲಿ ಟ್ರೇನಲ್ಲಿ ಯಾರೋ ಒಬ್ರು ಹಾಡಿದ್ರೆ ಸಾಕು, ನಾಲ್ಕು ಕಡೆಯಿಂದ ಫೋನ್ ಏಳುತ್ತೆ. ಫೋನ್ ಎದ್ದ ಕ್ಷಣ ಹಾಡೋರ ಬೆನ್ನು ನೆಟ್ಟಗಾಗುತ್ತೆ, ದನಿ ಜೋರಾಗುತ್ತೆ, ತಮಗೋಸ್ಕರ ಹಾಡ್ತಿದ್ದವ್ರು ಯಾರಿಗೋ ಹಾಡೋಕೆ ಶುರು ಮಾಡ್ತಾರೆ. ಕೆಲವ್ರು ನಾಚಿ ನಿಲ್ಲಿಸೇಬಿಡ್ತಾರೆ. ಆಮೇಲೆ ಅದು ಎಲ್ಲೆಲ್ಲೋ ಹೋಗುತ್ತೆ, ಆ ಅಜ್ಜನಿಗೆ ಗೊತ್ತೂ ಇರಲ್ಲ. ಹಾಡಿ ಹೊಟ್ಟೆ ಹೊರೆಯೋರು ಬಂದಾಗ್ಲೂ ಅಷ್ಟೇ, ಹತ್ತು ರೂಪಾಯಿ ಕೊಟ್ಟು ವಿಡಿಯೋ ಮಾಡ್ಕೊಳ್ಳೋದಕ್ಕಿಂತ ಫೋನ್ ಕೆಳಗಿಟ್ಟು ಒಂದು ಹಾಡು ಪೂರ್ತಿ ಕೇಳಿ, ಆಮೇಲೆ ಕೈಲಾದಷ್ಟು ಕೊಡಿ. ಒಂದು ನುಡಿ ಬೇಕೇ ಬೇಕು ಅಂದ್ರೆ ಕೇಳಿ, ಅಜ್ಜ, ಇದನ್ನ ಬರ್ಕೊಳ್ಳಲಾ ಅಂತ. ಬರ್ಕೊಳ್ಳೋಕೆ ಇಲ್ಲ ಅನ್ನೋ ಹಾಡುಗಾರನ್ನ ನಾನು ನೋಡಿಲ್ಲ, ಪೆನ್ ಹಿಡಿದ್ರೆ ನಿಧಾನ ಮಾಡಿ ಎರಡೆರಡು ಸಲ ಹೇಳಿಕೊಡ್ತಾರೆ.

ಭಾಷೆ ಬರದೇ ಇದ್ರೂ ಬೆರಳು ಸಾಕು ಅನ್ನೋದಕ್ಕೆ ವಿಯೆನ್ನಾದ್ದು ಒಂದು ಹೇಳಿಬಿಡ್ತೀನಿ. ಒಂದು ಟೂರಲ್ಲಿ ಕಾರ್ಯಕ್ರಮ ಮುಗಿಸಿ ಮಾರನೇ ದಿನ ಸ್ಟೇಷನ್ ಹತ್ರ ಕಾಯ್ತಾ ಇದ್ದೆ, ಚಳಿ, ಬೆಂಚಿನ ಮೇಲೆ ಒಬ್ಬ ಮನುಷ್ಯ ಅಕಾರ್ಡಿಯನ್ ನುಡಿಸ್ತಿದ್ದ. ಎರಡು ನಿಮಿಷ ಕೇಳಿದ್ರೆ, ಅರೇ, 7 ಮಾತ್ರೆ! ಅದೂ ಮೂರು, ಎರಡು, ಎರಡು ಅಂತ, ನಮ್ಮ ರೂಪಕ್ ತಾಲದ ವಿಭಾಗವೇ. ಪಕ್ಕದಲ್ಲಿ ಕೂತು ಬೆಂಚಿನ ಹಲಗೆ ಮೇಲೆ ರೂಪಕ್ ಹಿಡಿದೆ. ಅವನು ತಲೆ ಎತ್ತಿ ನೋಡಿದ, ನಕ್ಕ, ನುಡಿಸೋದು ನಿಲ್ಲಿಸ್ಲಿಲ್ಲ. ಆದ್ರೆ ನಾನು ಒಂದು ಕಡೆ ಎಡವಿದೆ. ರೂಪಕ್‌ನಲ್ಲಿ ಮೊದಲನೇ ಮಾತ್ರೆ, ಅಂದ್ರೆ ಸಮ್, ಖಾಲಿ ಇರುತ್ತೆ, ಬಾಯಾದ, ಅಂದ್ರೆ ಎಡಗೈ ಕಡೆಯ ತಬಲಾದ, ಗುಂಗು ಇರಲ್ಲ. ಅವನ ಹಾಡಿನ ತೂಕ ಎಲ್ಲ ಆ ಮೊದಲನೇ ಮಾತ್ರೆ ಮೇಲೇ ಬೀಳ್ತಿತ್ತು. ಅವನಿಗೂ ಏನೋ ಸರಿ ಹೋಗ್ಲಿಲ್ಲ, ಕಾಲು ನೆಲಕ್ಕೆ ಕುಟ್ಟಿ ಇಲ್ಲಿ, ಇಲ್ಲಿ ಅಂತ ತೋರಿಸಿದ. ನಾನು ಅಲ್ಲಿ ಗಟ್ಟಿಯಾಗಿ ತಟ್ಟಿದೆ, ಕೂಡಿಬಂತು. ನಮಗೆ ಖಾಲಿ ಇರೋ ಜಾಗ ಅವನಿಗೆ ತುಂಬಿರೋ ಜಾಗ. ನುಡಿಸಿ ಮುಗಿಸಿ ಎದೆ ಮೇಲೆ ಕೈ ಇಟ್ಕೊಂಡು ಮ್ಯಾಸಿಡೋನಿಯಾ ಅಂದ. ನಾನೂ ಕೈ ಇಟ್ಕೊಂಡು ಧಾರವಾಡ ಅಂದೆ. ನಮ್ಮಿಬ್ಬರ ಮಧ್ಯೆ ಆದ ಮಾತು ಅಷ್ಟೇ.

ಸೇರ್ಕೋಬಾರದ ಹೊತ್ತೂ ಇರುತ್ತೆ, ಅದನ್ನ ಬಚ್ಚಿಡಬಾರ್ದು. ಒಮ್ಮೆ ರಾತ್ರಿ ಬಸ್ಸಲ್ಲಿ ಮುಂದಿನ ಸೀಟಿನ ಹೆಂಗಸೊಬ್ರು ಕಿಟಕಿಗೆ ಹಣೆ ಆನಿಸಿ ಜೋಗುಳ ಹಾಡ್ತಿದ್ರು. ಮಡಿಲಲ್ಲಿ ಮಗು ಇರ್ಬೇಕು ಅನ್ಕೊಂಡೆ, ಸಣ್ಣಗೆ ಸೀಟಿನ ಕಂಬಿ ಮೇಲೆ ದಾದರಾ ತಾಳ ತಟ್ಟಿದೆ. ದನಿ ನಿಂತುಹೋಯ್ತು, ಬೆಳಗಾಗೋವರೆಗೂ ಮತ್ತೆ ಬರ್ಲಿಲ್ಲ. ಬೆಳಗ್ಗೆ ಇಳಿಯೋವಾಗ ನೋಡಿದ್ರೆ ಅವ್ರ ಜೊತೆ ಮಗು ಇರ್ಲಿಲ್ಲ. ಏನಿತ್ತೋ ಅವ್ರ ಮನಸ್ಸಲ್ಲಿ, ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ಮುಖ ಕಿಟಕಿ ಕಡೆ, ಕಣ್ಣು ಮುಚ್ಚಿದೆ, ದನಿ ಒಳಗೊಳಗೇ ಹೋಗ್ತಿದೆ ಅಂದ್ರೆ ಅದು ಅವ್ರದ್ದೇ ಹಾಡು, ಕೇಳಿಸ್ಕೊಂಡ ಹಾಗೆ ತೋರಿಸ್ಕೊಳ್ಳೋದೂ ಬೇಡ. ನಿಮ್ಮ ಅಜ್ಜ ಹಾಗಿರ್ಲಿಲ್ಲ ಅಂತ ನಿಮ್ಮ ಪತ್ರದಿಂದ ನಂಗೆ ಅನ್ನಿಸ್ತಿದೆ, ಹರೆಯದವಳೊಬ್ಬಳು ಎದುರಿಗೆ ಇಯರ್‌ಫೋನ್ ತೆಗೆದಿದ್ದು ನೋಡಿಯೂ ಅವ್ರು ನಿಲ್ಲಿಸದೇ ಮೂರನೇ ನುಡಿಗೆ ಹೋದ್ರಲ್ಲ, ಯಾರಿಗೆ ಗೊತ್ತು, ನೀವು ಕೇಳ್ತಿದೀರಿ ಅಂತಾನೇ ಪೂರ್ತಿ ಹಾಡಿರ್ಬಹುದು.

ಆ ಮೂರನೇ ನುಡಿ ಸಿಗೋ ದಾರಿ ಇದೆ. ಕೂತು ನೆನೆಸ್ಕೊಂಡು, ಕಿವಿಯಲ್ಲಿ ಉಳಿದಿರೋ ಒಂದೆರಡು ಶಬ್ದ ಇದ್ರೂ ಇವತ್ತೇ ಬರೆದಿಡಿ, ಮುಖ್ಯವಾಗಿ ಕೊನೇ ಸಾಲಲ್ಲಿ ಯಾವುದಾದ್ರೂ ಊರ ಹೆಸರು, ದೇವರ ಹೆಸರು, ಗುರು ಹೆಸರು ಬಂತಾ ನೋಡಿ. ತತ್ವಪದದ ಕೊನೇ ನುಡಿಯಲ್ಲಿ ಅಂಕಿತ ಇರುತ್ತೆ, ಬರೆದೋರು ತಮ್ಮ ಗುರುವನ್ನೋ ತಮ್ಮೂರ ದೇವರನ್ನೋ ಅಲ್ಲಿ ಹೆಸರಿಸಿರ್ತಾರೆ. ಅಜ್ಜಿಯ ಎರಡು ನುಡಿಯಲ್ಲಿ ಅಂಕಿತ ಇಲ್ಲ ಅಂದ್ರೆ ಆ ಪದ ಅರ್ಧವೇ ನಿಮ್ಮ ಹತ್ರ ಬಂದಿದೆ ಅಂತ ಲೆಕ್ಕ. ಅಂಕಿತ ಸಿಕ್ಕರೆ ಯಾರದ್ದು ಅಂತ ಹುಡುಕಬಹುದು, ಬೆಂಗಳೂರಲ್ಲಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರದವ್ರು ನಾಡಿನ ತತ್ವಪದಗಳನ್ನ ಸಂಪುಟಗಳಾಗಿ ತಂದಿದಾರೆ, ದೊಡ್ಡ ಲೈಬ್ರರಿಗಳಲ್ಲಿ ಕೇಳಿ ನೋಡಿ. ಪುಸ್ತಕದಲ್ಲಿ ಧಾಟಿ ಸಿಗಲ್ಲ, ಬರೀ ಮಾತು ಸಿಗುತ್ತೆ, ಆದ್ರೆ ಧಾಟಿ ನಿಮಗೆ ಅಜ್ಜಿಯಿಂದ ಬಂದಿದೆಯಲ್ಲ. ಮಾತು ಒಂದು ಊರಿಂದ ಇನ್ನೊಂದು ಊರಿಗೆ ಸ್ವಲ್ಪ ಬೇರೆ ಇರುತ್ತೆ, ಪುಸ್ತಕದ್ದು ಅಜ್ಜಿಯದ್ದಕ್ಕೆ ಹೊಂದ್ಲಿಲ್ಲ ಅಂತ ಅಜ್ಜಿಯದ್ದನ್ನ ತಿದ್ದೋಕೆ ಹೋಗ್ಬೇಡಿ. ಕಡೂರು, ಬೀರೂರು, ತರೀಕೆರೆ ಸುತ್ತಮುತ್ತ ನಿಮಗೆ ನೆಂಟರಿದ್ರೆ ಅವ್ರ ಊರಲ್ಲಿ ಅಮಾವಾಸ್ಯೆಗೋ ಸೋಮವಾರಕ್ಕೋ ಭಜನೆ ಇದೆಯಾ ವಿಚಾರಿಸಿ. ಅಜ್ಜ ಆ ಕಡೆಯವ್ರೇ ಆಗಿದ್ರೆ ಆ ಪದ ಗೊತ್ತಿರೋ ಇನ್ನೂ ನಾಲ್ಕು ಜನ ಅಲ್ಲಿ ಇದ್ದೇ ಇರ್ತಾರೆ.

ಮುಂದಿನ ಸಲ ಊರಿಗೆ ಹೋಗೋವಾಗ ಇನ್ನೊಂದು ಮಾಡಿ. ಎದುರು ಯಾರು ಕೂತಿದ್ರೂ ಸರಿ, ಅವ್ರು ಗುನುಗ್ಲಿ ಅಂತ ಕಾಯ್ಬೇಡಿ, ಆ ಎರಡು ನುಡಿ ನೀವೇ ಗುನುಗಿ, ಪಕ್ಕದವ್ರಿಗೆ ಕೇಳಿಯೂ ಕೇಳದಷ್ಟು ಸಣ್ಣಗೆ. ಆ ದಾರೀಲಿ ಓಡಾಡೋ ಜನರಲ್ಲಿ ಆ ಪದ ಕೇಳಿ ಬೆಳೆದೋರು ಇರ್ತಾರೆ, ಮೂರನೇ ನುಡಿ ಬಲ್ಲ ಯಾವುದೋ ಅಜ್ಜಿಯೇ ಮುಂದಿನ ಸೀಟಿಂದ ತಿರುಗಿ ನೋಡಬಹುದು. ಅರಸೀಕೆರೆ ಬಿಟ್ಟ ಮೇಲೆ ಶುರು ಮಾಡಿ. ಅಲ್ಲಿಂದ ಬೀರೂರಿಗೆ ಸುಮಾರು 45 ಕಿಲೋಮೀಟರ್, ಮುಕ್ಕಾಲು ಗಂಟೆ ಹತ್ರ ಹಿಡಿಯುತ್ತೆ, ವಿಲಂಬಿತ ಲಯದಲ್ಲಿ ಹಾಡಿದ್ರೂ ಇಡೀ ಪದ ಎರಡು ಸಲ ಆಗುತ್ತೆ, ಕಡೂರು ಬರೋ ಹೊತ್ತಿಗೆ ಮುಗಿಸಿದ್ರೆ ಇಳಿಯೋರಿಗೆ ಮೇಲಿಂದ ಚೀಲ ತಗೊಳ್ಳೋಕೂ ಟೈಮ್ ಸಿಗುತ್ತೆ.